ಆರನೆಯ ನಿಯಮದ ಬಗ್ಗೆ ನಾಲ್ಕು ಮಾತು

ನಮ್ಮ ಕನ್ನಡ ಸಾಹಿತ್ಯ ಮಂಡಲದ ನಿಯಮಾವಳಿಯಲ್ಲಿ ಆರನೆಯದು ಒಂದೇ ಸಾಲಿನದು: ‘ಮಂಡಲದ ಸಭೆಗಳಲ್ಲಿ ರಾಜಕೀಯ ಚರ್ಚೆ ವರ್ಜ್ಯ.’ ಬರುವ ವಾರ್ಷಿಕ ಸಭೆಯಲ್ಲಿ ಈ ಸಾಲು ಇರಬೇಕೋ ಬೇಡವೋ ಎಂಬ ಪ್ರಶ್ನೆ ಬರಲಿದೆ. ಸಭೆಯ ದಿನ ಉಪ್ಪಿಟ್ಟು, ಕಾಫಿ, ಲೆಕ್ಕಪತ್ರ, ಹಾರ ತುರಾಯಿಗಳ ನಡುವೆ ಇಂಥ ವಿಷಯಕ್ಕೆ ಐದು ನಿಮಿಷ ಸಿಕ್ಕಿದರೆ ಹೆಚ್ಚು. ಆದ್ದರಿಂದ ಹೇಳಬೇಕಾದ್ದನ್ನು ಈ ಪುಟಗಳಲ್ಲೇ ಹೇಳಿಬಿಡುತ್ತೇನೆ. ನನ್ನ ಅಭಿಪ್ರಾಯ ಇಷ್ಟೆ: ಆರನೆಯ ನಿಯಮ ಹೋಗಬೇಕು, ಅದರ ಜಾಗದಲ್ಲಿ ಬೇರೊಂದು ಬರಬೇಕು.

ಇದಕ್ಕೆ ಉದಾಹರಣೆಯಾಗಿ ನಮ್ಮ ದೇಶದ ವಿದ್ಯಾರ್ಥಿ ಸಂಘಟನೆಗಳನ್ನು ಬೇಕೆಂದೇ ಮೊದಲಿಗೆ ತೆಗೆದುಕೊಳ್ಳುತ್ತಿಲ್ಲ. ಒಂದರ ಹೆಸರು ಹೇಳಿದ ಕೂಡಲೆ ಓದುಗರಲ್ಲಿ ಅರ್ಧ ಮಂದಿಗೆ ಮೈ ಉರಿಯುತ್ತದೆ, ಇನ್ನೊಂದರ ಹೆಸರು ಹೇಳಿದರೆ ಉಳಿದರ್ಧಕ್ಕೆ. ಯಾರ ಮೈಯೂ ಉರಿಯದಷ್ಟು ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದ ಕಾಲೇಜುಗಳಲ್ಲಿ ಡೆಮಾಕ್ರಟಿಕ್ ಪಕ್ಷದ ಹೆಸರಿನಲ್ಲಿ ವಿದ್ಯಾರ್ಥಿಗಳು ನಡೆಸುವ ಕ್ಲಬ್ಬುಗಳಿವೆ. ಎದುರು ಪಕ್ಷವಾದ ರಿಪಬ್ಲಿಕನ್ನರ ಕ್ಲಬ್ಬೂ ಸಾಮಾನ್ಯವಾಗಿ ಅದೇ ಕಾಲೇಜಿನಲ್ಲಿರುತ್ತದೆ. ಆ ಪಕ್ಷ ಒಳ್ಳೆಯದು, ಈ ಪಕ್ಷ ಕೆಟ್ಟದ್ದು ಅನ್ನುವ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು ಒಂದು ಕ್ಲಬ್ಬು ಕಟ್ಟಿಕೊಂಡು ಏನೇನು ಮಾಡುತ್ತಾರೆ, ಅದರಿಂದ ಅವರಿಗೂ ಊರಿಗೂ ಏನಾಗುತ್ತದೆ ಎಂದಷ್ಟೆ ನೋಡುವುದು.

ಈ ಕ್ಲಬ್ಬುಗಳ ರಾಷ್ಟ್ರೀಯ ಸಂಘಟನೆ ಹುಟ್ಟಿದ್ದು 1932ರಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೊದಲ ಸಲ ಅಧ್ಯಕ್ಷ ಪದವಿಗೆ ನಿಂತಾಗ. ದೇಶ ಆರ್ಥಿಕ ಕುಸಿತದಲ್ಲಿತ್ತು, ನಿರುದ್ಯೋಗಿಗಳು ಬ್ರೆಡ್ಡಿಗಾಗಿ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ ಅದು. ಅಂದರೆ ಹೊಟ್ಟೆಯ ಪ್ರಶ್ನೆಯ ಜೊತೆಗೇ ಹುಟ್ಟಿದ ಸಂಘಟನೆ ಎನ್ನಬಹುದು. ಕಾಲೇಜು ಮಟ್ಟದಲ್ಲಿ ನೋಡಿದರೆ ಅದರ ರಚನೆ ನಮ್ಮ ಮಂಡಲಕ್ಕಿಂತ ಬಹಳ ಬೇರೆಯೇನಲ್ಲ. ಒಂದು ನಿಯಮಾವಳಿ, ಒಬ್ಬ ಅಧ್ಯಕ್ಷ, ಖಜಾಂಚಿ, ಸಲಹೆಗಾರರಾಗಿ ಒಬ್ಬ ಅಧ್ಯಾಪಕರು, ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಭೆ. ವರ್ಷಾರಂಭದಲ್ಲಿ ಎಲ್ಲ ಸಂಘಗಳೂ ಮೈದಾನದಲ್ಲಿ ಮೇಜು ಹಾಕಿ ಕೂರುವ ದಿನ ಇವರದೂ ಒಂದು ಮೇಜು. ಸಭೆಗೆ ಜನ ಬರಲೆಂದು ಪುಕ್ಕಟೆ ಪಿಜ್ಜಾ ತರಿಸುತ್ತಾರೆ. ನಮ್ಮಲ್ಲಿ ಬಟಾಟೆ ವಡೆ. ವ್ಯತ್ಯಾಸ ಅಷ್ಟೆ.

ಆ ಮೇಜಿನ ಮೇಲೆ ಏನಿರುತ್ತದೆ ಅನ್ನುವುದು ಮುಖ್ಯ. ನಾಯಕರ ದೊಡ್ಡ ಪಟವಲ್ಲ, ಮತದಾರರ ನೋಂದಣಿಯ ಅರ್ಜಿಗಳ ಕಟ್ಟು. ಅಮೆರಿಕದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1971ರ ಜುಲೈ 1ರಂದು, ಸಂವಿಧಾನದ 26ನೆಯ ತಿದ್ದುಪಡಿಯಿಂದ. ವಿಯೆಟ್ನಾಮಿಗೆ ಹದಿನೆಂಟರ ಹುಡುಗರನ್ನು ಬಂದೂಕು ಕೊಟ್ಟು ಕಳಿಸುತ್ತೀರಿ, ಚೀಟಿ ಹಾಕಲು ಮಾತ್ರ ಸಣ್ಣವರು ಅನ್ನುತ್ತೀರಿ, ಇದ್ಯಾವ ನ್ಯಾಯ ಎಂಬ ಪ್ರಶ್ನೆಗೆ ಉತ್ತರ ಇರಲಿಲ್ಲ. ಪಾರ್ಲಿಮೆಂಟಿನಲ್ಲಿ ಪಾಸಾದ ಮೇಲೆ ಬೇಕಾದಷ್ಟು ರಾಜ್ಯಗಳು ಒಪ್ಪಿಗೆ ಕೊಡಲು ಹಿಡಿದದ್ದು ಸುಮಾರು ನೂರು ದಿನ. ಅಲ್ಲಿನ ಇತಿಹಾಸದಲ್ಲೇ ಅತಿ ಬೇಗ ಆದ ತಿದ್ದುಪಡಿ. ನಮ್ಮ ದೇಶದಲ್ಲಿ ಅದೇ ಬದಲಾವಣೆ 61ನೆಯ ತಿದ್ದುಪಡಿಯ ಮೂಲಕ 1989ರಲ್ಲಿ ಬಂತು.

ಹಕ್ಕು ಬಂತು ಎಂದಮಾತ್ರಕ್ಕೆ ಕೈಗೆ ಬರುವುದಿಲ್ಲ. ಅಲ್ಲಿ ಹಾಸ್ಟೆಲಿನ ವಿದ್ಯಾರ್ಥಿಗಳಿಗೆ ಎದುರಾದದ್ದು ವಿಳಾಸದ ತಕರಾರು. ‘ನೀನು ಈ ಊರಿನವನಲ್ಲ, ಓದಿ ಹೋಗುವವನು, ನಿನಗೆ ಇಲ್ಲಿ ಯಾಕೆ ಓಟು?’ ಟೆಕ್ಸಾಸಿನ ವಾಲರ್ ಕೌಂಟಿಯಲ್ಲಿ ಪ್ರೇರೀ ವ್ಯೂ ಎಂಬಲ್ಲಿ ಕರಿಯ ಜನಾಂಗದ ಮಕ್ಕಳೇ ಹೆಚ್ಚಾಗಿ ಓದುವ ಹಳೆಯ ವಿಶ್ವವಿದ್ಯಾಲಯವಿದೆ. ಅಲ್ಲಿನ ನೋಂದಣಿ ಅಧಿಕಾರಿ ವಿದ್ಯಾರ್ಥಿಗಳಿಗೆ ಮಾತ್ರ ಒಂದು ಪ್ರಶ್ನಾವಳಿ ಕೊಡುತ್ತಿದ್ದ. ಓದು ಮುಗಿದ ಮೇಲೆ ಇಲ್ಲೇ ಇರುತ್ತೀಯಾ, ಇಲ್ಲಿ ಆಸ್ತಿ ಇದೆಯಾ ಎಂಬ ಜಾತಿಯ ಪ್ರಶ್ನೆಗಳು. ಈ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1979ರಲ್ಲಿ ವಿದ್ಯಾರ್ಥಿಗಳ ಪರ ತೀರ್ಮಾನವಾಯಿತು. ಮುಗಿಯಿತು ಅಂದುಕೊಂಡರೆ 2003-04ರಲ್ಲಿ ಅದೇ ಕೌಂಟಿಯ ಸರಕಾರಿ ವಕೀಲ, ಊರಿನವರಲ್ಲದ ವಿದ್ಯಾರ್ಥಿಗಳು ಓಟು ಹಾಕಿದರೆ ಮೊಕದ್ದಮೆ ಹೂಡುವುದಾಗಿ ಹೆದರಿಸಿದ. ವಿದ್ಯಾರ್ಥಿಗಳು ಮತ್ತೆ ಬೀದಿಗೆ ಇಳಿದು ಮೆರವಣಿಗೆ ಮಾಡಬೇಕಾಯಿತು. ಹಕ್ಕೆಂದರೆ ಒಮ್ಮೆ ಕೊಂಡು ಕಪಾಟಿನಲ್ಲಿಡುವ ಪುಸ್ತಕವಲ್ಲ, ಪ್ರತಿ ವರ್ಷ ತುಂಬಬೇಕಾದ ಫೀಸು.

ಮೇಜಿನ ಕೆಲಸ ಮುಗಿದ ಮೇಲೆ ಬಾಗಿಲು ತಟ್ಟುವ ಕೆಲಸ. ಶನಿವಾರ ಭಾನುವಾರ ಇಬ್ಬಿಬ್ಬರಂತೆ ಜೋಡಿಯಾಗಿ, ಕೈಯಲ್ಲಿ ಮತದಾರರ ಪಟ್ಟಿ ಹಿಡಿದು, ಗುರುತಿಲ್ಲದವರ ಮನೆ ಬಾಗಿಲಿಗೆ ಹೋಗಿ ಮಾತಾಡಿಸುವುದು. ಕೆಲವರು ಕುಡಿಯಲು ನೀರು ಕೊಡುತ್ತಾರೆ, ಕೆಲವರು ನಾಯಿ ಬಿಡುತ್ತಾರೆ. ಇದರಿಂದ ನಿಜವಾಗಿಯೂ ಏನಾದರೂ ಉಪಯೋಗವಿದೆಯೇ ಎಂದು ಯೇಲ್ ವಿಶ್ವವಿದ್ಯಾಲಯದ ಗರ್ಬರ್ ಮತ್ತು ಗ್ರೀನ್ ಎಂಬ ಇಬ್ಬರು ಅಧ್ಯಾಪಕರು 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಸುಮಾರು 30,000 ಮತದಾರರ ಮೇಲೆ ಪ್ರಯೋಗ ಮಾಡಿ ನೋಡಿದರು. ಕೆಲವರ ಮನೆಗೆ ಹೋಗಿ ಮಾತಾಡಿಸಿದರು, ಕೆಲವರಿಗೆ ಕಾಗದ ಹಾಕಿದರು, ಕೆಲವರಿಗೆ ಫೋನು ಮಾಡಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎದುರು ನಿಂತು ಮಾತಾಡಿಸಿದವರಲ್ಲಿ ಮತದಾನ ನೂರಕ್ಕೆ ಸುಮಾರು ಎಂಟರಷ್ಟು ಹೆಚ್ಚಾಗಿತ್ತು. ಕಾಗದದ ಪರಿಣಾಮ ಅಲ್ಪ. ಫೋನಿನದು ಏನೂ ಇಲ್ಲ. ಭಾಷಣ ಕಲಿತವನಿಗಿಂತ ಹೊಸ್ತಿಲಲ್ಲಿ ನಿಂತು ಎರಡು ಮಾತಾಡಲು ಕಲಿತವನು ಹೆಚ್ಚು ಕೆಲಸ ಮಾಡುತ್ತಾನೆ ಅಂತಾಯಿತು. ನಮ್ಮ ಚರ್ಚಾಸ್ಪರ್ಧೆಗಳ ಢಾಲು ವಿಜೇತರು ಇದನ್ನು ಗಮನಿಸಬೇಕು.

ಇದು ಕ್ಲಬ್ಬಿನ ರಾಜಕೀಯ ಅರ್ಧ. ಇನ್ನರ್ಧ ಸಾಮಾಜಿಕ: ಬಡವರಿಗೆಂದು ಡಬ್ಬಿ ಆಹಾರ ಸಂಗ್ರಹ, ರಕ್ತದಾನ, ಬಡ ಬಡಾವಣೆಯ ಮಕ್ಕಳಿಗೆ ಪಾಠ, ಚಳಿಗಾಲಕ್ಕೆ ಕೋಟು ಕೂಡಿಸುವುದು. ‘ಇದನ್ನು ನಮ್ಮ ಎನ್.ಎಸ್.ಎಸ್.ನವರೂ ಮಾಡ್ತಾರಲ್ಲ?’ ಎಂದು ಕೇಳಬಹುದು. ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ನಮ್ಮಲ್ಲಿ ಹಲವರು ಅದರ ಶಿಬಿರಗಳಿಗೆ ಹೋಗಿ ಬಂದವರೇ. ಆದರೆ ಒಂದು ವ್ಯತ್ಯಾಸವಿದೆ. ನಾವು ಸೇವೆಯನ್ನು ಒಂದು ಪೆಟ್ಟಿಗೆಯಲ್ಲಿ, ರಾಜಕೀಯವನ್ನು ಇನ್ನೊಂದರಲ್ಲಿ ಇಟ್ಟು ಎರಡಕ್ಕೂ ಬೇರೆ ಬೇರೆ ಬೀಗ ಹಾಕಿದ್ದೇವೆ. ಹಳ್ಳಿಗೆ ಹೋಗಿ ರಸ್ತೆ ಗುಡಿಸಿ ಬರುತ್ತೇವೆ; ರಸ್ತೆ ಯಾಕೆ ಆಗಲಿಲ್ಲ, ಅದರ ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಿದರೆ ‘ಅದು ರಾಜಕೀಯ, ನಿಮಗ್ಯಾಕೆ’ ಎನ್ನುತ್ತಾರೆ. ಇನ್ನೊಂದು ಕಡೆ ವಿದ್ಯಾರ್ಥಿ ರಾಜಕಾರಣಿ ಘೋಷಣೆ ಕೂಗುತ್ತಾನೆ, ಅವನ ಕೈಗೆ ಪೊರಕೆ ಕೊಡುವವರಿಲ್ಲ. ಆ ಕ್ಲಬ್ಬಿನಲ್ಲಿ ಎರಡೂ ಒಂದೇ ಕೋಣೆಯಲ್ಲಿವೆ. ಸೋಮವಾರ ಡಬ್ಬಿ ಆಹಾರ ಹಂಚಿದ ಹುಡುಗಿ, ಬುಧವಾರದ ಸಭೆಯಲ್ಲಿ ಬಡವರ ಪಡಿತರದ ಹಣವನ್ನು ಸರಕಾರ ಯಾಕೆ ಕಡಿತ ಮಾಡುತ್ತಿದೆ ಎಂದು ಕೇಳುತ್ತಾಳೆ. ಹಂಚುವ ಕೈಗೂ ಕೇಳುವ ಬಾಯಿಗೂ ಸಂಬಂಧ ಕಡಿದುಹೋಗಿಲ್ಲ.

ಇನ್ನು ನಮ್ಮ ಆರನೆಯ ನಿಯಮದಂಥ ನಿಯಮ ಅಲ್ಲಿಯೂ ಒಂದು ಕಾಲಕ್ಕೆ ಇತ್ತು, ಅದಕ್ಕೇನಾಯಿತು ಎಂಬುದನ್ನು ಹೇಳಬೇಕು. 1964ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ಆಡಳಿತದವರು, ಗೇಟಿನ ಬಳಿಯ ಪಟ್ಟಿಯಲ್ಲಿ ವಿದ್ಯಾರ್ಥಿ ಸಂಘಗಳು ಮೇಜು ಹಾಕಿ ರಾಜಕೀಯ ಪ್ರಚಾರ ಮಾಡುವುದು, ಚಂದಾ ಎತ್ತುವುದು ಕೂಡದೆಂದು ಆಜ್ಞೆ ಮಾಡಿದರು. ಆ ಬೇಸಿಗೆಯಲ್ಲಷ್ಟೆ ಉತ್ತರದ ನೂರಾರು ವಿದ್ಯಾರ್ಥಿಗಳು ಮಿಸಿಸಿಪ್ಪಿಗೆ ಹೋಗಿ ಕರಿಯರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸ ಮಾಡಿದ್ದರು. ಆ ಕೆಲಸಕ್ಕೆ ಹೋದ ಗುಡ್‌ಮನ್, ಶ್ವೆರ್ನರ್ ಮತ್ತು ಅಲ್ಲಿಯವನೇ ಆದ ಚೇನಿ ಎಂಬ ಮೂವರು ಯುವಕರನ್ನು ಜೂನ್ 21ರಂದು ಕೊಂದಿದ್ದರು. ಗುಡ್‌ಮನ್ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನ ವಿದ್ಯಾರ್ಥಿ, ಇಪ್ಪತ್ತು ವರ್ಷ. ಅಂಥ ಬೇಸಿಗೆ ಕಳೆದು ಬಂದವರಿಗೆ ‘ಮೇಜು ಹಾಕಬೇಡಿ’ ಅಂದರೆ ಕೇಳುತ್ತಾರೆಯೇ? ಅಕ್ಟೋಬರ್ 1ರಂದು ಮೇಜಿನ ಹಿಂದೆ ಕೂತಿದ್ದ ಒಬ್ಬ ಯುವಕನನ್ನು ಪೊಲೀಸರು ಕಾರಿಗೆ ಹಾಕಿದರು. ವಿದ್ಯಾರ್ಥಿಗಳು ಕಾರಿನ ಸುತ್ತ ಕೂತುಬಿಟ್ಟರು. 32 ಗಂಟೆ ಕಾರು ಅಲುಗಲಿಲ್ಲ.

ನನಗೆ ಈ ಪ್ರಸಂಗದಲ್ಲಿ ಇಷ್ಟವಾದದ್ದು ಕಾರಲ್ಲ, ಅದರ ಸುತ್ತ ಕೂಡಿದ ಕೂಟ. ನಿಷೇಧದ ವಿರುದ್ಧ ಮೊದಲು ಒಂದಾದ ಸಂಘಗಳಲ್ಲಿ ಎಡಪಂಥದವರಿದ್ದರು, ಯುವ ಡೆಮಾಕ್ರಟರಿದ್ದರು, ಕಟ್ಟಾ ಬಲಪಂಥದ ಗೋಲ್ಡ್‌ವಾಟರನ ಬೆಂಬಲಿಗರೂ ಇದ್ದರು. ಆ ನವೆಂಬರಿನ ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಸೋಲಿಸಲು ಹೊರಟವರೇ ಇವರೆಲ್ಲ. ಆದರೂ ಮೇಜಿನ ಹಕ್ಕು ಎಲ್ಲರದು, ಮೇಜಿನ ಮೇಲಿನ ಪತ್ರಿಕೆ ಅವರವರದು ಎಂಬ ವಿವೇಕ ಅವರಿಗಿತ್ತು. ಡಿಸೆಂಬರ್ 8ರಂದು ಅಲ್ಲಿನ ಅಧ್ಯಾಪಕರ ಸಭೆ 824ಕ್ಕೆ 115 ಮತಗಳಿಂದ ವಿದ್ಯಾರ್ಥಿಗಳ ಬೇಡಿಕೆಯ ಪರ ನಿಂತಿತು. ನಿಯಮ ಬಿತ್ತು.

‘ಪಕ್ಷದ ಕ್ಲಬ್ಬು ಅಂದ ಮೇಲೆ ಪಕ್ಷದ ಬಾಲವೇ ಅಲ್ಲವೆ?’ ಇದು ನ್ಯಾಯವಾದ ಸಂದೇಹ. ಬಾಲವಾದ ಕ್ಲಬ್ಬುಗಳು ಬೇಕಾದಷ್ಟಿವೆ. ಆದರೆ ಬಾಲ ನಾಯಿಯನ್ನೇ ಅಲ್ಲಾಡಿಸಿದ ಸಂದರ್ಭಗಳೂ ಇವೆ. 1968ರಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷ ಜಾನ್ಸನ್ ಡೆಮಾಕ್ರಟಿಕ್ ಪಕ್ಷದವನೇ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಅದೇ ಪಕ್ಷದ ಸೆನೆಟರ್ ಯೂಜೀನ್ ಮೆಕಾರ್ಥಿ ಅವನೆದುರು ನಿಂತಾಗ ಸಾವಿರಾರು ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದ ಹಿಮದಲ್ಲಿ ಮನೆ ಮನೆ ತಿರುಗಿದರು. ಹಳ್ಳಿಯ ಹಿರಿಯರು ಗಾಬರಿಯಾಗದಿರಲೆಂದು ಹುಡುಗರು ಉದ್ದ ಕೂದಲು ಕತ್ತರಿಸಿಕೊಂಡರು, ಗಡ್ಡ ಬೋಳಿಸಿದರು. ಮಾರ್ಚ್ 12ರ ಮತದಾನದಲ್ಲಿ ಮೆಕಾರ್ಥಿಗೆ ನೂರಕ್ಕೆ 42 ಮತ, ಜಾನ್ಸನ್ನನಿಗೆ ಸುಮಾರು 49. ಲೆಕ್ಕದಲ್ಲಿ ಮೆಕಾರ್ಥಿ ಸೋತಿದ್ದ; ಆದರೆ ಅದೇ ತಿಂಗಳ 31ರಂದು ಜಾನ್ಸನ್ ತಾನು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಸಾರಿದ. ಗಡ್ಡ ಬೋಳಿಸಿದ್ದು ವ್ಯರ್ಥವಾಗಲಿಲ್ಲ. ಹತ್ತಿರದ ಉದಾಹರಣೆ ಬೇಕಾದರೆ, 2024ರ ಏಪ್ರಿಲ್ ಕೊನೆಯಲ್ಲಿ ಗಾಜಾ ಯುದ್ಧದ ವಿರುದ್ಧ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಡೇರೆ ಹಾಕಿ ಕೂತಾಗ ಕಾಲೇಜು ಡೆಮಾಕ್ರಟರ ರಾಷ್ಟ್ರೀಯ ಸಂಘಟನೆ ಆ ವಿದ್ಯಾರ್ಥಿಗಳ ಪರವಾಗಿ, ತಮ್ಮದೇ ಪಕ್ಷದ ಅಧ್ಯಕ್ಷ ಬೈಡನರ ನೀತಿಯನ್ನು ಟೀಕಿಸಿ ಬಹಿರಂಗ ಹೇಳಿಕೆ ಕೊಟ್ಟಿತು. ಅದೂ ಚುನಾವಣೆಯ ವರ್ಷದಲ್ಲಿ. ನಮ್ಮಲ್ಲಿ ಇಂಥ ಹೇಳಿಕೆ ಕೊಟ್ಟ ಘಟಕದ ಕಾರ್ಯದರ್ಶಿ ಮರುದಿನ ಕಾರ್ಯದರ್ಶಿಯಾಗಿಯೇ ಉಳಿಯುತ್ತಾನೆಯೆ? ನೀವೇ ಊಹಿಸಿ.

ಹಾಗಂತ ಆ ಕ್ಲಬ್ಬುಗಳಿಗೆ ಆರತಿ ಎತ್ತಲು ನಾನು ಹೊರಟಿಲ್ಲ. ಅವುಗಳ ದೋಷ ಮೂರು ಕಾಣಿಸುತ್ತದೆ. ಒಂದು, ಏಣಿಯ ಮೋಹ. ಕ್ಲಬ್ಬಿನ ಅಧ್ಯಕ್ಷಗಿರಿ, ಆಮೇಲೆ ಯಾವುದೋ ಸೆನೆಟರನ ಕಚೇರಿಯಲ್ಲಿ ಬೇಸಿಗೆಯ ಬಿಟ್ಟಿ ಚಾಕರಿ, ಆಮೇಲೆ ಕಾನೂನು ಕಾಲೇಜು, ಆಮೇಲೆ ಟಿಕೆಟ್ಟು. ಹೀಗೆ ಲೆಕ್ಕ ಹಾಕಿಯೇ ಸೇರುವವರಿದ್ದಾರೆ. ಎರಡು, ಸಮಯವಿದ್ದವರ ಆಟ. ಬಿಟ್ಟಿ ಚಾಕರಿ ಮಾಡಲು ಮನೆಯಲ್ಲಿ ಅನುಕೂಲ ಬೇಕು. ಹೋಟೆಲಿನಲ್ಲಿ ತಟ್ಟೆ ತೊಳೆದು ಫೀಸು ಕಟ್ಟುವ ವಿದ್ಯಾರ್ಥಿಗೆ ಶನಿವಾರ ಬಾಗಿಲು ತಟ್ಟಲು ಬಿಡುವೆಲ್ಲಿ? ಯಾರ ಪರವಾಗಿ ಕ್ಲಬ್ಬು ಮಾತಾಡುತ್ತದೋ ಅವರೇ ಅದರಲ್ಲಿ ಕಡಿಮೆ. ಮೂರು, ತಮ್ಮವರೊಡನೆ ಮಾತ್ರ ಮಾತು. ಒಂದೇ ಅಭಿಪ್ರಾಯದವರು ವಾರ ವಾರ ಸೇರಿ ತಲೆ ಆಡಿಸಿದರೆ ಅದು ಭಜನಾ ಮಂಡಳಿಯಾದೀತು, ಚರ್ಚೆಯಾಗದು. ಎದುರು ಕ್ಲಬ್ಬಿನೊಡನೆ ಬಹಿರಂಗ ವಾದ ಏರ್ಪಡಿಸುವ ಕಡೆ ಈ ರೋಗ ಸ್ವಲ್ಪ ಕಡಿಮೆ.

ಹೊರಗಿನಿಂದ ಬರುವ ಸಂಕಟವೂ ಇದೆ. ವರ್ಜೀನಿಯಾದ ಲಿಬರ್ಟಿ ಎಂಬ ಕ್ರೈಸ್ತ ಧಾರ್ಮಿಕ ವಿಶ್ವವಿದ್ಯಾಲಯ 2009ರ ಮೇ ತಿಂಗಳಲ್ಲಿ ಅಲ್ಲಿನ ಡೆಮಾಕ್ರಟಿಕ್ ಕ್ಲಬ್ಬಿನ ಮಾನ್ಯತೆ ಹಿಂತೆಗೆದುಕೊಂಡಿತು. ಮೂಲ ಪಕ್ಷದ ನಿಲುವುಗಳು ಸಂಸ್ಥೆಯ ಧರ್ಮಶ್ರದ್ಧೆಗೆ ವಿರುದ್ಧ ಎಂಬ ಕಾರಣಕ್ಕೆ. ಹಣದ ತಕರಾರು ಇನ್ನೊಂದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಲವು ವಿದ್ಯಾರ್ಥಿಗಳು ‘ನಾವು ಕಟ್ಟುವ ಚಟುವಟಿಕೆ ಫೀಸು ನಮಗೊಪ್ಪದ ಸಂಘಗಳಿಗೆ ಹೋಗುವುದೇಕೆ?’ ಎಂದು ಕೋರ್ಟಿಗೆ ಹೋದರು. 2000ದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಸರಳ: ಫೀಸು ಸಂಗ್ರಹಿಸಬಹುದು, ಆದರೆ ಹಂಚುವಾಗ ಯಾವ ಸಂಘದ ಅಭಿಪ್ರಾಯ ಏನೆಂದು ನೋಡಿ ಹಂಚಬಾರದು. ಎಲ್ಲರಿಗೂ ಒಂದೇ ಅಳತೆ. ಈ ಮಾತನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮನೆಗೆ ಬರೋಣ. ನಮ್ಮ ದೇಶದಲ್ಲಿ ವಿದ್ಯಾರ್ಥಿ ರಾಜಕಾರಣದ ಪರಂಪರೆ ಅಮೆರಿಕದವರಿಗಿಂತ ಬಡವಾದದ್ದಲ್ಲ. ಅಖಿಲ ಭಾರತ ವಿದ್ಯಾರ್ಥಿ ಫೆಡರೇಶನ್ ಲಕ್ನೋದಲ್ಲಿ ಹುಟ್ಟಿದ್ದು 1936ರಲ್ಲಿ. ಗುಜರಾತಿನ ನವನಿರ್ಮಾಣ ಚಳವಳಿ 1973ರ ಡಿಸೆಂಬರಿನಲ್ಲಿ ಆರಂಭವಾದದ್ದು ಅಹಮದಾಬಾದಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಮೆಸ್ ಬಿಲ್ಲು ಏರಿದ್ದಕ್ಕೆ. 1974ರ ಫೆಬ್ರವರಿಯಲ್ಲಿ ಆ ರಾಜ್ಯದ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಊಟದ ತಟ್ಟೆಯಿಂದ ಮಂತ್ರಿಯ ಕುರ್ಚಿಗೆ ಎಷ್ಟು ಹತ್ತಿರದ ದಾರಿ ನೋಡಿ! ಆಮೇಲೆ ಹೊಡೆದಾಟ, ದುಡ್ಡು, ತೋಳ್ಬಲ ಬಂದವು, ಅದೂ ನಿಜ. ಮಹಾರಾಷ್ಟ್ರದಲ್ಲಿ 1994ರ ವಿಶ್ವವಿದ್ಯಾಲಯ ಕಾಯಿದೆಯೊಂದಿಗೆ ಕಾಲೇಜುಗಳ ನೇರ ಚುನಾವಣೆ ನಿಂತು, ಹೆಚ್ಚು ಅಂಕ ಬಂದವರೇ ಪ್ರತಿನಿಧಿಗಳಾಗುವ ಪದ್ಧತಿ ಬಂತು. 2016ರ ಕಾಯಿದೆ ಚುನಾವಣೆಯ ಮಾತನ್ನು ಮತ್ತೆ ಪುಸ್ತಕಕ್ಕೆ ಸೇರಿಸಿತು. ಈ ನಡುವೆ ಲಿಂಗ್ಡೋ ಸಮಿತಿ 2006ರಲ್ಲಿ ಶಿಫಾರಸು ಮಾಡಿತು: ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ರಾಜಕೀಯ ಪಕ್ಷದ ದುಡ್ಡು ಮುಟ್ಟಬಾರದು, ಅಚ್ಚಾದ ಪೋಸ್ಟರು ಕೂಡದು, ಕೈಬರಹದ್ದು ಮಾತ್ರ ನಡೆಯುತ್ತದೆ. ಸುಪ್ರೀಂ ಕೋರ್ಟು ಅದನ್ನು ಜಾರಿಗೊಳಿಸಲು ಹೇಳಿತು. ಕೈಬರಹದ ವಿಷಯದಲ್ಲಂತೂ ನಮ್ಮ ಈ ಸೈಕ್ಲೋಸ್ಟೈಲ್ ಪತ್ರಿಕೆ ಬಹಳ ಮುಂಚಿನಿಂದಲೇ ಕಾನೂನುಬದ್ಧವಾಗಿದೆ!

‘ಅದೆಲ್ಲ ಇರಲಿ ಮಾರಾಯ, ಆದರೆ ನಮ್ಮದು ಸಾಹಿತ್ಯ ಮಂಡಲ’ ಎಂದು ಹಿರಿಯ ಸದಸ್ಯರು ಹೇಳುತ್ತಾರೆ. ಅವರಿಗೆ ಗೌರವದಿಂದಲೇ ಒಂದು ಪ್ರಶ್ನೆ. 1973ರ ನವೆಂಬರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ರಾಜ್ಯದುದ್ದಕ್ಕೂ ವಿದ್ಯಾರ್ಥಿಗಳು ಬೀದಿಗೆ ಬಂದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಟ್ಟರು. ಆ ಗಾಯದಿಂದಲೇ ದಲಿತ ಸಂಘರ್ಷ ಸಮಿತಿಗೂ, ಮುಂದೆ ದಲಿತ ಬಂಡಾಯ ಸಾಹಿತ್ಯಕ್ಕೂ ಬಲ ಬಂತು. ಈ ಪ್ರಕರಣವನ್ನು ಸಾಹಿತ್ಯದ ಖಾತೆಗೆ ಬರೆಯುತ್ತೀರೋ, ರಾಜಕೀಯದ ಖಾತೆಗೋ? ಆರನೆಯ ನಿಯಮವನ್ನು ಅಕ್ಷರಶಃ ಪಾಲಿಸಿದರೆ ನಾವು ಕನ್ನಡ ಸಾಹಿತ್ಯದ ಕಳೆದ ಐವತ್ತು ವರ್ಷದ ಚರಿತ್ರೆಯನ್ನೇ ಸಭೆಯಲ್ಲಿ ಮಾತಾಡುವಂತಿಲ್ಲ. ಮುದ್ದಣ ಮನೋರಮೆಯರ ಸಲ್ಲಾಪದಲ್ಲೇ ನಿಲ್ಲಬೇಕಾಗುತ್ತದೆ.

ಇನ್ನೊಂದು ಆಕ್ಷೇಪ: ನಾವು ಹೊರನಾಡಿನವರು, ಪರರ ಊರಿನಲ್ಲಿ ಬಾಯಿಮುಚ್ಚಿಕೊಂಡಿರುವುದೇ ಕ್ಷೇಮ. ಈ ಮಾತಿನ ಹಿಂದಿನ ಭಯ ನನಗೆ ಅರ್ಥವಾಗುತ್ತದೆ; ಈ ಮಹಾನಗರದಲ್ಲಿ ದಕ್ಷಿಣದವರ ಮೇಲೆ ಕಲ್ಲು ಬಿದ್ದ ಅರುವತ್ತರ ದಶಕದ ಕೊನೆಯ ವರ್ಷಗಳನ್ನು ಹಿರಿಯರು ಮರೆತಿಲ್ಲ. ಆದರೆ ಬಾಯಿಮುಚ್ಚಿಕೊಂಡವರೇ ಇಲ್ಲಿ ಬಾಳಿದರು ಅನ್ನುವುದು ಸರಿಯಲ್ಲ. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ ಈ ನಗರದ ಟ್ಯಾಕ್ಸಿ ಚಾಲಕರನ್ನೂ ನಗರಪಾಲಿಕೆಯ ಕಾರ್ಮಿಕರನ್ನೂ ಸಂಘಟಿಸಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತ ಹುಡುಗರ ಚರಿತ್ರೆಯೂ ಇದೇ ಊರಿನದು. ಆ ರಾತ್ರಿಶಾಲೆಗಳನ್ನು ಕಟ್ಟಿದ್ದು ಸಮಾಜಸೇವೆಯೇ? ಹೌದು. ಬಡವನ ಮಗ ಓದಬೇಕು ಎಂಬ ಹಟ ರಾಜಕೀಯವೇ? ಅದೂ ಹೌದು.

ಊರನ್ನು ‘ಪರರದು’ ಅನ್ನುವುದನ್ನು ನಿಲ್ಲಿಸಲು ಒಂದು ಸುಲಭ ಉಪಾಯವಿದೆ: ಮತದಾರರ ಪಟ್ಟಿ. ನಮ್ಮ ಕಾನೂನಿನ ಪ್ರಕಾರ ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು ಓದುವವನು ತಂದೆತಾಯಿಯ ಊರಿನಲ್ಲಾದರೂ ಹೆಸರು ಇಟ್ಟುಕೊಳ್ಳಬಹುದು, ಓದುವ ಊರಿನಲ್ಲಾದರೂ ನೋಂದಾಯಿಸಬಹುದು. ಎರಡೂ ಕಡೆ ಮಾತ್ರ ಕೂಡದು. ನಮೂನೆ 6ನ್ನು ತುಂಬಬೇಕು, ಓದುತ್ತಿರುವುದಕ್ಕೆ ಕಾಲೇಜಿನ ಪತ್ರ ಜೋಡಿಸಬೇಕು. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳೂ ಲೆಕ್ಕಕ್ಕೆ ಬಂದಿವೆ. ಪ್ರೇರೀ ವ್ಯೂನ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಪಡೆದದ್ದು ನಮಗೆ ಒಂದು ಅರ್ಜಿಯ ದೂರದಲ್ಲಿದೆ. ಆದರೂ ನಮ್ಮ ಮಂಡಲದ ಸದಸ್ಯರಲ್ಲಿ ಎಷ್ಟು ಮಂದಿಯ ಹೆಸರು ಯಾವುದಾದರೂ ಒಂದು ಪಟ್ಟಿಯಲ್ಲಿದೆ ಎಂದು ಕೈಯೆತ್ತಿಸಿ ನೋಡಿ. ಅಮೆರಿಕದಲ್ಲಿ 2016ರ ಅಧ್ಯಕ್ಷ ಚುನಾವಣೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮತದಾನ ನೂರಕ್ಕೆ 52 ಇದ್ದದ್ದು 2020ರಲ್ಲಿ 66ಕ್ಕೆ ಏರಿತೆಂದು ಟಫ್ಟ್ಸ್ ವಿಶ್ವವಿದ್ಯಾಲಯದ ಅಧ್ಯಯನ ಹೇಳುತ್ತದೆ. ಕ್ಲಬ್ಬುಗಳೇ ಅದಕ್ಕೆ ಕಾರಣ ಎನ್ನಲಾರೆ. ಆದರೆ ಮೇಜು ಹಾಕಿ ಕೂತವರ ಪಾಲು ಅದರಲ್ಲಿ ಇಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು: ರಾಜಕೀಯ ಬಂದರೆ ಜಗಳ ಬರುತ್ತದೆ, ಮಂಡಲ ಒಡೆಯುತ್ತದೆ. ಇದನ್ನು ತಳ್ಳಿಹಾಕುವಂತಿಲ್ಲ. ಇರುವುದೇ ನಾವು ಮೂವತ್ತು ನಲವತ್ತು ಮಂದಿ. ಒಡೆದರೆ ನಾಟಕಕ್ಕೆ ಪಾತ್ರಧಾರಿಗಳು ಸಾಲುವುದಿಲ್ಲ. ಆದರೆ ಈಗ ಜಗಳವಿಲ್ಲವೆ? ಕಾರ್ಯದರ್ಶಿ ದಕ್ಷಿಣ ಕನ್ನಡದವರಾಗಬೇಕೋ ಉತ್ತರ ಕರ್ನಾಟಕದವರಾಗಬೇಕೋ ಎಂದು ಕಾರಿಡಾರಿನಲ್ಲಿ ನಡೆಯುವುದೇನು, ಅತಿಥಿಯಾಗಿ ಯಾವ ಜಾತಿಯ ಸಾಹಿತಿಯನ್ನು ಕರೆಯಬೇಕೆಂದು ಪಿಸುಗುಟ್ಟುವುದೇನು? ಅದೂ ರಾಜಕೀಯವೇ, ಬಾಗಿಲ ಹಿಂದಿನ ರಾಜಕೀಯ. ನಿಯಮ ತಡೆದದ್ದು ರಾಜಕೀಯವನ್ನಲ್ಲ, ಅದನ್ನು ಎದುರಿಗೆ ಮಾತಾಡುವುದನ್ನು. ಅಷ್ಟಲ್ಲದೆ, ಜಗಳವಾಡಿಯೂ ಒಟ್ಟಿಗೆ ಚಹ ಕುಡಿಯುವುದನ್ನು ಕಾಲೇಜಿನಲ್ಲೇ ಕಲಿಯದಿದ್ದರೆ ಇನ್ನೆಲ್ಲಿ ಕಲಿಯುವುದು? ಆಫೀಸಿನಲ್ಲಿ ಬಾಯಿ ಬಿಡುವಂತಿಲ್ಲ, ಮನೆಯಲ್ಲಿ ಬಿಟ್ಟರೆ ಊಟವಿಲ್ಲ!

ಮಂಡಲವನ್ನು ಯಾವುದಾದರೂ ಪಕ್ಷದ ಕ್ಲಬ್ಬು ಮಾಡೋಣ ಎಂದು ನಾನು ಹೇಳುತ್ತಿಲ್ಲ. ಅದು ನಮ್ಮ ಕೆಲಸವಲ್ಲ. ಬೇಕಾದವರು ಬೇರೆ ಕಟ್ಟಿಕೊಳ್ಳಲಿ. ಕ್ಲಬ್ಬಿನಿಂದ ನಾವು ತೆಗೆದುಕೊಳ್ಳಬೇಕಾದ್ದು ಅದರ ಬಾವುಟವನ್ನಲ್ಲ, ಅದರ ಮೇಜನ್ನು. ಆದ್ದರಿಂದ ಆರನೆಯ ನಿಯಮದ ಜಾಗಕ್ಕೆ ನಾನು ಸೂಚಿಸುವ ಸಾಲುಗಳು ಇವು:

‘ಮಂಡಲವು ಯಾವ ರಾಜಕೀಯ ಪಕ್ಷಕ್ಕೂ ಸೇರಿದ್ದಲ್ಲ, ಯಾವ ಪಕ್ಷದಿಂದಲೂ ಹಣ ಪಡೆಯತಕ್ಕದ್ದಲ್ಲ. ಸಾರ್ವಜನಿಕ ವಿಷಯಗಳ ಚರ್ಚೆಗೆ ಸಭೆಯಲ್ಲಿ ಅವಕಾಶವಿರತಕ್ಕದ್ದು. ಭಿನ್ನಾಭಿಪ್ರಾಯದ ಇಬ್ಬರಿಗಾದರೂ ಸಮನಾದ ಸಮಯ ಕೊಡತಕ್ಕದ್ದು. ಸದಸ್ಯನ ಅಭಿಪ್ರಾಯ ನೋಡಿ ಅವನಿಗೆ ಪತ್ರಿಕೆಯಲ್ಲಾಗಲಿ, ವೇದಿಕೆಯಲ್ಲಾಗಲಿ, ನಾಟಕದ ಪಾತ್ರದಲ್ಲಾಗಲಿ ಅವಕಾಶ ನಿರಾಕರಿಸತಕ್ಕದ್ದಲ್ಲ. ವರ್ಷಕ್ಕೊಮ್ಮೆ ಮಂಡಲವು ಕಾಲೇಜಿನ ಎಲ್ಲ ವಿದ್ಯಾರ್ಥಿಗಳಿಗಾಗಿ ಮತದಾರರ ನೋಂದಣಿಯ ಮೇಜು ನಡೆಸತಕ್ಕದ್ದು.’

ಕೆಂಪು ಶಾಯಿಯ ಗುರುತು ನೆನಪಿದೆ ತಾನೆ? ನಾಲ್ಕನೆಯ ವಾಕ್ಯ ಅಲ್ಲಿಂದಲೇ ಬಂದದ್ದು. ಐದನೆಯದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಜಿನ ಕೆಲಸ ಕಾಲೇಜಿನ ಗೇಟಿನೊಳಗೇ ಮುಗಿಯಬಾರದು. ನಮ್ಮ ಕ್ಯಾಂಟೀನಿನಲ್ಲಿ, ಸುತ್ತಲಿನ ಉಡುಪಿ ಹೋಟೆಲುಗಳಲ್ಲಿ ನಮ್ಮದೇ ವಯಸ್ಸಿನ, ನಮ್ಮದೇ ಮಾತಾಡುವ ಹುಡುಗರು ದುಡಿಯುತ್ತಿದ್ದಾರೆ. ಹೋಟೆಲಿನ ಮಾಳಿಗೆಯಲ್ಲೇ ಮಲಗುವ ಅವರಿಗೆ ವಿಳಾಸದ ಪುರಾವೆ ಕೊಡುವವರಾರು? ಚುನಾವಣೆ ಬಂದಾಗ ಊರಿಗೆ ಹೋಗಲು ಧಣಿ ರಜೆ ಕೊಡಬೇಕು, ಇಲ್ಲಿ ಹೆಸರಿಲ್ಲ. ಅಂದರೆ ಎರಡು ಊರಿನ ನಡುವೆ ಯಾವ ಊರಿಗೂ ಸೇರದವರು. ಅವರು ತಂದಿಟ್ಟ ಕಾಫಿ ಕುಡಿಯುತ್ತಲೇ ನಾವು ಕುವೆಂಪು ವಿಶ್ವಮಾನವತೆಯ ಬಗ್ಗೆ ಉಪನ್ಯಾಸ ಏರ್ಪಡಿಸುವುದು. ಅವರ ಬಳಿ ನಮೂನೆ ಹಿಡಿದು ಹೋಗುವುದು ರಾಜಕೀಯವಾದರೆ ಅಂಥ ರಾಜಕೀಯ ನಮಗೆ ಬೇಕು. ಅದು ಸಮಾಜಸೇವೆಯೆಂದರೂ ನನ್ನ ತಕರಾರಿಲ್ಲ.

ವಾರ್ಷಿಕ ಸಭೆಗೆ ದಯವಿಟ್ಟು ಎಲ್ಲರೂ ಬನ್ನಿ. ನನ್ನ ಸೂಚನೆಗೆ ವಿರುದ್ಧವಾಗಿ ಮಾತಾಡುವವರು ಮುಖ್ಯವಾಗಿ ಬನ್ನಿ. ನಿಯಮ ಬದಲಾಗಲು ಮೂರರಲ್ಲಿ ಎರಡು ಪಾಲು ಮತ ಬೇಕು. ಅದನ್ನು ಪಡೆಯಲು ನಾನು ಬರುವ ವಾರದಿಂದ ಹಾಸ್ಟೆಲಿನ ಕೋಣೆ ಕೋಣೆಗೂ ಬಂದು ಬಾಗಿಲು ತಟ್ಟುವವನಿದ್ದೇನೆ. ಫೋನಿನಿಂದ ಪ್ರಯೋಜನವಿಲ್ಲವೆಂದು ನ್ಯೂ ಹೇವನ್ನಿನವರು ಹೇಳಿಬಿಟ್ಟಿದ್ದಾರೆ.